ಎರಡು ತಟ್ಟಿದರೆ ಹೊರಡು

ರೈಟಣ್ಣನ ಕೈಗಳನ್ನು ಆ ಸಂಜೆ ಏನು ಮಾಡಬೇಕು ಎಂಬ ವಿಷಯದ ಮೇಲೆ ಮನೆಯಲ್ಲಿ ಗಂಭೀರ ಸಮಾಲೋಚನೆ ನಡೆದಿತ್ತು. ಕೈಗಳ ಯಜಮಾನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೀರ್ಪಿಗೆ ಕಾದ ಆರೋಪಿಯ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹೆಂಡತಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರ ಜೊತೆಗೇ ದಿನವಿಡೀ ಮಾತಾಡಿ, ಉತ್ತರಕ್ಕೆ ಕಾಯುವ ಅಭ್ಯಾಸ ಅವಳಿಗೆ ತಪ್ಪಿಯೇಹೋಗಿತ್ತು.

"ಗ್ಲೌಸ್ ತಂದಿದೀನಿ ರೀ, ಕ್ಲಿನಿಕ್ಕಿಂದ. ಹಾಕ್ಕೊಳ್ಳಿ. ಮುಗೀತಲ್ಲ?" ಎಂದಳು.

ಅವನು ಹಾಕಿಕೊಂಡ. ಹಾಕಿಕೊಂಡು ಪರೀಕ್ಷೆಗೆಂದು ಒಮ್ಮೆ ತಟ್ಟಿದ. ಟೈರು ಒಡೆದಂಥ ಸದ್ದಾಗಿ, ಕಿಟಕಿಯ ಹೊರಗೆ ಕೂತಿದ್ದ ಪಾರಿವಾಳ ಎದ್ದೆನೋ ಬಿದ್ದೆನೋ ಎಂದು ಹಾರಿಹೋಯಿತು.

"ಬಿಚ್ಚಿ," ಎಂದಳು ಹೆಂಡತಿ.

ಕುರ್ಚಿಯಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದ ಅತ್ತೆ ತಲೆಯೆತ್ತಿದಳು. ಅಳಿಯನಿಗೆ ಗೌರವ ಕೊಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಬಹುವಚನದಲ್ಲೇ ಬೈಯುತ್ತಿದ್ದಳು.

"ಅಳಿಯಂದ್ರೇ, ನೀವು ತಪ್ಪು ತಿಳ್ಕೋಬೇಡಿ. ಮಗು ಸುಮ್ನೆ ಕೂರ್ಬೇಕು ಅಂದ್ರೆ ಕೈಗೇನಾದ್ರೂ ಕೊಡ್ತೀವಲ್ಲ, ಹಾಗೇನೇ ಇದೂ. ನನ್ನ ಬ್ಯಾಗ್ ಹಿಡ್ಕೊಂಡು ಕೂತ್ಕೊಳ್ಳಿ. ಒಂದು ಹಿಡಿ ಈ ಮಣಿಕಟ್ಟಿಗೆ, ಇನ್ನೊಂದು ಹಿಡಿ ಆ ಮಣಿಕಟ್ಟಿಗೆ. ಎರಡೆರಡು ಸುತ್ತು ಸುತ್ತಿಬಿಡಿ."

"ಕೈಕೋಳದ ಥರಾನೇ?"

"ಛೆ ಛೆ, ಎಲ್ಲಾದ್ರೂ ಉಂಟೇ? ಕೈಕೋಳಕ್ಕೆ ಬೀಗ ಇರುತ್ತೆ."

ಹೀಗೆ ತೀರ್ಮಾನವಾಯಿತು. ಈ ತೀರ್ಮಾನ ಯಾರಿಗೋಸ್ಕರವೋ ಆ ಮಗಳು ಮಾತ್ರ ಮನೆಯಲ್ಲಿರಲಿಲ್ಲ. ಬ್ಯಾಂಡಿನ ಮಕ್ಕಳು ಬೇಗ ಬರಬೇಕೆಂದು ಹೇಳಿದ್ದರಿಂದ, ಟ್ರಂಪೆಟ್ಟಿನ ಪೆಟ್ಟಿಗೆ ಹೊತ್ತು ಆಗಲೇ ಶಾಲೆಗೆ ಹೋಗಿಯಾಗಿತ್ತು.

ಈಗ ಈ ಕೈಗಳ ವಿಚಾರ ಹೇಳಬೇಕು.

ರೈಟಣ್ಣ ಬಸ್ ಡಿಪೋದ ಅಂಗಳದವನು. ಬಸ್ಸು ಓಡಿಸುವುದು ಅವನ ಕೆಲಸವಲ್ಲ. ಬಸ್ಸುಗಳನ್ನು ಹಿಂದಕ್ಕೆ ಬರಮಾಡಿಕೊಳ್ಳುವುದು, ಸಾಲಾಗಿ ನಿಲ್ಲಿಸುವುದು, ಬೆಳಿಗ್ಗೆ ಒಂದೊಂದನ್ನಾಗಿ ಹೊರಡಿಸುವುದು. ಬೇರೆಯವರು ಇದಕ್ಕೆ ಸೀಟಿ ಊದುತ್ತಾರೆ. ಅವನೂ ಮೊದಲು ಊದುತ್ತಿದ್ದ. ಆದರೆ ಅಂಗಳದ ಈ ತುದಿಯ ಸೀಟಿ ಕೇಳಿ ಆ ತುದಿಯ ಡ್ರೈವರು ಬಸ್ಸು ತೆಗೆದು, ಕ್ಯಾಂಟೀನಿನ ಗೋಡೆಗೆ ಮುತ್ತು ಕೊಟ್ಟ ಮೇಲೆ ಸೀಟಿಯನ್ನು ಜೇಬಿಗೆ ಹಾಕಿ ಅಂಗೈ ತೆಗೆದ. ಬಸ್ಸಿನ ಬೆನ್ನ ಮೇಲೆ ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು. ಬಸ್ಸು ಕೈಗೆಟುಕದಷ್ಟು ದೂರವಿದ್ದರೆ ಗಾಳಿಯಲ್ಲೇ ಎರಡು ಅಂಗೈ ಬಡಿದು, "ರೈಟ್!" ಎನ್ನುತ್ತಿದ್ದ. ಆ ಬಡಿತ ಎಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಅಂಗೈಗಳು ಹಲಗೆಯಂತಾದವು, ಹೆಸರು ರೈಟಣ್ಣ ಎಂದಾಯಿತು. ಊರಿನ ಅಷ್ಟೂ ಬಸ್ಸುಗಳನ್ನು ಹೊರಡಿಸಿದ ಮನುಷ್ಯ, ತಾನು ಮಾತ್ರ ಯಾವುದರಲ್ಲೂ ದೂರ ಹೋದವನಲ್ಲ. ಅವನ ಲೋಕಸಂಚಾರವೆಲ್ಲ ಆ ಅಂಗಳದೊಳಗೆ, ಅದೂ ಹೆಚ್ಚಾಗಿ ಹಿಂದು ಹಿಂದಕ್ಕೆ.

ಇಂಥ ಕೆಲಸ ಮೈಗೂಡಿದರೆ ಆಗುವ ಪರಿಣಾಮ ಒಂದೇ. ಯಾವುದಾದರೂ ನಿಂತು, ಸುತ್ತ ಸದ್ದಡಗಿದರೆ ಅವನ ಕೈಗಳು ಯಜಮಾನನನ್ನು ಕೇಳದೆ ಎದ್ದುಬಿಡುತ್ತಿದ್ದವು. ಫ್ರಿಜ್ಜು ಗುಯ್‌ಗುಡುವುದನ್ನು ನಿಲ್ಲಿಸಿದರೆ ಎರಡು ತಟ್ಟು. ನೆಂಟರು "ಬರ್ತೀವಿ" ಎಂದ ಮೇಲೂ ಹೊಸ್ತಿಲಲ್ಲಿ ಮಾತು ಮುಗಿದು ಸುಮ್ಮನೆ ನಿಂತಿದ್ದರೆ ಬಾಗಿಲ ಚೌಕಟ್ಟಿನ ಮೇಲೆ ಎರಡು ತಟ್ಟು. ನೆಂಟರು ಏನೆಂದುಕೊಂಡರೋ, ಹೊರಡುವುದಂತೂ ಹೊರಡುತ್ತಿದ್ದರು. ತೀರಿಕೊಂಡ ಹಿರಿಯ ಡ್ರೈವರೊಬ್ಬನಿಗಾಗಿ ಡಿಪೋದಲ್ಲಿ ಮೌನಾಚರಣೆ ನಡೆದಾಗ, ಮೌನ ಸರಿಯಾಗಿ ಕೂರುವ ಮೊದಲೇ ರೈಟಣ್ಣನ ಕೈ ಎರಡು ತಟ್ಟಿತು. ಎಲ್ಲರೂ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದರು. "ಸತ್ತೋನೂ ಡ್ರೈವರೇ ಅಲ್ವಾ," ಎಂದು ಅವನ ಪಕ್ಷದವರು ವಾದಿಸಿದರು, "ರೈಟ್ ಕೊಡ್ದೆ ಹೆಂಗ್ ಹೋಗ್ತಾನೆ?"

ಇವೆಲ್ಲ ನಗುವ ಕತೆಗಳು. ನಗಲಾಗದ ಕತೆ ಹೋದ ವರ್ಷದ್ದು.

ಹೋದ ವರ್ಷದ ಬ್ಯಾಂಡ್ ಕಾರ್ಯಕ್ರಮದಲ್ಲಿ ಮಗಳಿಗೆ ಮೊದಲ ಬಾರಿ ಒಂಟಿಯಾಗಿ ನುಡಿಸುವ ಒಂದು ತುಣುಕು ಸಿಕ್ಕಿತ್ತು. ತುಣುಕು ಎಂದರೆ ತುಣುಕೇ. ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಮುಗಿಯುವಂಥದ್ದು. ಆದರೆ ಅದಕ್ಕಾಗಿ ಆ ಹುಡುಗಿ ತಿಂಗಳುಗಟ್ಟಲೆ ತುಟಿ ಊದಿಸಿಕೊಂಡಿದ್ದಳು. ಇಡೀ ಬ್ಯಾಂಡು ಜೋರಾಗಿ ನುಡಿಸಿ ಥಟ್ಟನೆ ನಿಲ್ಲಬೇಕು, ನಿಶ್ಶಬ್ದವಾಗಬೇಕು, ಆ ನಿಶ್ಶಬ್ದದೊಳಗಿಂದ ಟ್ರಂಪೆಟ್ಟು ಒಂಟಿಯಾಗಿ ಏಳಬೇಕು. ಬ್ಯಾಂಡು ನಿಂತಿತು. ನಿಶ್ಶಬ್ದವಾಯಿತು. ಎದ್ದದ್ದು ಮಾತ್ರ ರೈಟಣ್ಣನ ಕೈ. ಫಟ್, ಫಟ್.

ಸಭಾಂಗಣದಲ್ಲಿ ಕೂತ ತಂದೆತಾಯಂದಿರು ಇಂಥದೊಂದು ಅಪ್ಪಣೆಗೇ ಕಾದಿದ್ದರೇನೋ. ಮುಗಿಯಿತೆಂದು ತಿಳಿದು ಎಲ್ಲರೂ ಮನಸಾರೆ ಚಪ್ಪಾಳೆ ತಟ್ಟಿದರು. ಕೆಲವರು ಎದ್ದೂ ನಿಂತರು. ಬ್ಯಾಂಡ್ ಕಲಿಸುವ ಟೀಚರು ಒಂದು ಗಳಿಗೆ ಕಾದು ನೋಡಿ, ತಾಳ ತೋರಿಸುವ ಕಡ್ಡಿ ಕೆಳಗಿಳಿಸಿ, ತಿರುಗಿ ತಲೆಬಾಗಿದರು. ಕಡ್ಡಿಯಂತಿದ್ದು ಕಡ್ಡಿಯನ್ನೇ ಹಿಡಿದಿರುತ್ತಿದ್ದ ಅವರನ್ನು ಮಕ್ಕಳು ಕಡ್ಡಿ ಮಿಸ್ ಎನ್ನುತ್ತಿದ್ದರು. ಹಿಂದಿನ ಸಾಲಿನಲ್ಲಿ ಮಗಳು ಟ್ರಂಪೆಟ್ಟನ್ನು ತುಟಿಗಿಟ್ಟುಕೊಂಡು ನಿಂತಿದ್ದಳು. ಎದೆ ತುಂಬ ಎಳೆದುಕೊಂಡ ಉಸಿರನ್ನು ಇನ್ನೇನು ಮಾಡುವುದೆಂದು ತಿಳಿಯದೆ, ಮೆಲ್ಲಗೆ ಮೂಗಿನಿಂದ ಬಿಟ್ಟಳು. ಅದನ್ನು ರೈಟಣ್ಣ ನೋಡಿದ.

"ಇವಳು ಒಬ್ಬಳೇ ನುಡಿಸೋದು ಯಾವಾಗ?" ಎಂದು ಕೇಳಿದ ಹೆಂಡತಿಗೆ ಅತ್ತೆಯೇ ಉತ್ತರಿಸಿದ್ದಳು. "ಅದನ್ನ ಅಳಿಯಂದ್ರು ನುಡಿಸಿಬಿಟ್ರಲ್ಲ."

ಮನೆಗೆ ಬರುವ ದಾರಿಯಲ್ಲಿ ಮಗಳು, "ಪರವಾಗಿಲ್ಲ ಅಪ್ಪಾ," ಎಂದಳು. ಅತ್ತಿದ್ದರೆ, ರೇಗಿದ್ದರೆ, ಊಟ ಬಿಟ್ಟಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಪರವಾಗಿಲ್ಲ ಎಂಬ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ವರ್ಷವಿಡೀ ಅವನ ಜೊತೆ ನಡೆಯಿತು. ದಾರಿಯಲ್ಲಿ ಕಡ್ಡಿ ಮಿಸ್ ಎದುರಾದರೆ ಅವನು ಅಂಗಡಿಯ ಫಲಕ ಓದಲು ನಿಲ್ಲುತ್ತಿದ್ದ. ಹೀಗಾಗಿ ಆ ಬೀದಿಯ ಫಲಕಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

ಪ್ರಾಯಶ್ಚಿತ್ತವಾಗಿ ಅವನಿಗೆ ಮಾಡಲು ತೋಚಿದ್ದು ಒಂದೇ. ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಟ್ರಂಪೆಟ್ಟಿನ ಅಭ್ಯಾಸದ ವಿರುದ್ಧ ಒಗ್ಗಟ್ಟಾದಾಗ, ಅವನು ಡಿಪೋದ ಮೇನೇಜರನ್ನು ಕೇಳಿಕೊಂಡು ರಜೆಯ ದಿನಗಳಲ್ಲಿ ಮಗಳನ್ನು ಕರೆದೊಯ್ಯತೊಡಗಿದ. ರಿಪೇರಿಗೆ ನಿಂತ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಕಿಟಕಿ ಮುಚ್ಚಿ, ಎಷ್ಟು ಬೇಕೋ ಅಷ್ಟು ಊದು. ಅವಳು ಊದುತ್ತಿದ್ದಳು. ಹೊರಗೆ ಅವನು ತನ್ನ ಪಾಡಿಗೆ ಬಸ್ಸುಗಳನ್ನು ತಟ್ಟುತ್ತಿದ್ದ. ಈಚೆಗೆ ಅವಳಿಗೊಂದು ಹೊಸ ಚಾಳಿ ಹತ್ತಿತ್ತು. ಒಂದು ರಾಗವನ್ನು ಏರಿಸುತ್ತ ಏರಿಸುತ್ತ ಹೋಗಿ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಅಂಗಳದಲ್ಲೆಲ್ಲೋ ಅವನು ಒಂದು ಬಸ್ಸಿಗೆ ಎರಡು ತಟ್ಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು. ಪಾಪ, ದಣಿದು ಉಸಿರು ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದ ಅವನು.

ಈ ವರ್ಷದ ಕಾರ್ಯಕ್ರಮಕ್ಕೆ 'ಲೋಕ ಸುತ್ತಿ ಮನೆಗೆ' ಎಂದು ಹೆಸರಿಟ್ಟಿದ್ದರು. ಕೊನೆಯ ಪ್ರಸಂಗದಲ್ಲಿ ಮಗಳಿಗೆ ಮತ್ತೆ ಒಂಟಿ ತುಣುಕು. ಈ ಸಲ ಕೊಂಚ ಉದ್ದದ್ದು. ರೈಟಣ್ಣ ತಾನು ಬರುವುದೇ ಇಲ್ಲವೆಂದು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವಳೇ, "ಅಪ್ಪಾ, ನೀನು ಬರ್ಲೇಬೇಕು. ಮುಂದಿನ ಸಾಲು, ದಾರಿ ಪಕ್ಕದ ಕುರ್ಚಿ. ಬೇರೆಲ್ಲೂ ಕೂರ್ಬೇಡ," ಎಂದಿದ್ದಳು. ಕೈಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವಳದು ದೊಡ್ಡ ಮನಸ್ಸು ಎಂದುಕೊಂಡಿದ್ದ ಅವನು. ಕೈ ಕಡಿದುಕೊಂಡರೂ ಸರಿ, ಈ ಸಲ ಅವಳ ಉಸಿರನ್ನು ಹಾಳು ಮಾಡುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದ್ದ.

ಶಾಲೆಯ ಹಾಲು ಹಗಲು ಆಟದ ಮನೆ, ಮಧ್ಯಾಹ್ನ ಊಟದ ಮನೆ, ಸಂಜೆ ಕಲಾಮಂದಿರ. ಹೀಗಾಗಿ ಅಲ್ಲಿ ರಬ್ಬರಿನ ವಾಸನೆ, ಬೇಯಿಸಿದ ತರಕಾರಿಯ ವಾಸನೆ ಮತ್ತು ತಂದೆತಾಯಂದಿರು ಹಾಕಿಕೊಂಡು ಬಂದ ಸೆಂಟಿನ ವಾಸನೆ ಮೂರೂ ಪರಸ್ಪರ ಪರಿಚಯ ಮಾಡಿಕೊಳ್ಳುತ್ತಿದ್ದವು. ವೇದಿಕೆಯ ಮೇಲೆ ನೇತಾಡುತ್ತಿದ್ದ ಬ್ಯಾಸ್ಕೆಟ್‌ಬಾಲಿನ ಬಳೆಗೆ ಯಾರೋ ರಟ್ಟಿನ ಭೂಮಂಡಲವೊಂದನ್ನು ಕಟ್ಟಿದ್ದರು. ಅದು ಫ್ಯಾನಿನ ಗಾಳಿಗೆ ಸುತ್ತುತ್ತಿತ್ತು, ನಿಜದ ಭೂಮಿಗಿಂತ ಬಹಳ ಅವಸರದಲ್ಲಿ.

ರೈಟಣ್ಣ ದಾರಿ ಪಕ್ಕದ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಅತ್ತೆ, ಅವಳ ಪಕ್ಕದಲ್ಲಿ ಹೆಂಡತಿ. ಅತ್ತೆಯ ಬ್ಯಾಗು ಒಂದು ಸಣ್ಣ ಸಂಸಾರವನ್ನೇ ಹೊರುವಂಥದ್ದು. ಎರಡು ಕನ್ನಡಕ, ಮಡಿಸುವ ಛತ್ರಿ, ಮಾತ್ರೆಯ ಡಬ್ಬಿ, ಎಂದೋ ಯಾರಿಗೋ ಬೇಕಾಗಬಹುದಾದ ಒಂದು ಸ್ಪ್ಯಾನರು. ಅದರ ಹಿಡಿಗಳನ್ನು ಮಣಿಕಟ್ಟುಗಳಿಗೆ ಸುತ್ತಿ, ಮೇಲೆ ತನ್ನ ಕೈಯನ್ನೂ ಇಟ್ಟು ಅತ್ತೆ ಕಾವಲು ಕೂತಳು.

"ರಕ್ತ ಓಡ್ತಿದೆಯಾ ಅಳಿಯಂದ್ರೇ?"

"ಸ್ವಲ್ಪ ಸ್ವಲ್ಪ ಓಡ್ತಿದೆ."

"ಸಾಕು, ಸಂಗೀತ ಕೇಳೋಕೆ ಅಷ್ಟೇ ಸಾಕು."

ಮುಖ್ಯೋಪಾಧ್ಯಾಯರು ಮೈಕು ಹಿಡಿದು, "ಎಲ್ಲರೂ ಸೀಟು ಹಿಡಿದಿದ್ದೀರಾ? ಈಗ ಸಮುದ್ರಕ್ಕೆ ಹೊರಡೋಣ!" ಎಂದರು. ಸಮುದ್ರ ಚೆನ್ನಾಗಿತ್ತು. ಒಬ್ಬ ಹುಡುಗಿ ಮಣಿ ತುಂಬಿದ ಅಗಲದ ಡಬ್ಬಿಯನ್ನು ಅತ್ತಿತ್ತ ಓಲಿಸಿ ಅಲೆ ಎಬ್ಬಿಸಿದಳು. ಡ್ರಮ್ಮಿನವನಿಗೆ ದಡ ಸೇರುವ ಆತುರವಿದ್ದುದರಿಂದ ಉಳಿದವರು ಈಜಿಕೊಂಡು ಅವನ ಹಿಂದೆ ಬಂದರು. ಆಮೇಲೆ ಮರುಭೂಮಿ. ಅಲ್ಲಿ ಕ್ಲಾರಿನೆಟ್ಟುಗಳ ಒಂದು ಗುಂಪು ದಾರಿ ತಪ್ಪಿತು. ಆದರೆ ಮರುಭೂಮಿಯಲ್ಲಿ ದಾರಿ ತಪ್ಪುವುದು ಸಹಜವೇ ಆದ್ದರಿಂದ ಯಾರಿಗೂ ಕೊರತೆಯೆನಿಸಲಿಲ್ಲ. ಬಾಯಾರಿದ ಒಂಟೆಯಂಥದೊಂದು ಕೂಗು ಕೇಳಿಸಿದಾಗ, "ಎಷ್ಟು ನಿಜ ಅನ್ಸುತ್ತೆ!" ಎಂದು ಹಿಂದಿನ ಸಾಲಿನವರೊಬ್ಬರು ಮೆಚ್ಚಿಕೊಂಡರು. ಅದು ಯಾರದೋ ಕ್ಲಾರಿನೆಟ್ಟಿನ ನಾಲಿಗೆ ಒಡೆದದ್ದು.

ಹಿಮದ ಬೆಟ್ಟ ಬಂತು. ರೈಲಿನ ದಾರಿ ಬಂತು. ದ್ವೀಪವೊಂದರ ಸಂತೆ ಬಂತು. ಒಂದೊಂದರ ಕೊನೆಗೂ ಹಾಲು ಚಪ್ಪಾಳೆ ತಟ್ಟುವಾಗ ರೈಟಣ್ಣ ಬ್ಯಾಗು ಹಿಡಿದು ತಲೆಯಾಡಿಸುತ್ತ ಕೂತ. ನೋಡುವವರಿಗೆ ಮಹಾ ರಸಿಕನಂತೆ ಕಾಣುತ್ತಿದ್ದ. ಕಾಣದಿದ್ದದ್ದು, ಅವನ ಅಂಗೈಗಳು ಬೆವರುತ್ತಿದ್ದದ್ದು.

"ಕೊನೆಯದಾಗಿ," ಎಂದರು ಮುಖ್ಯೋಪಾಧ್ಯಾಯರು, "ಎಷ್ಟು ಸುತ್ತಿದರೂ ಮನೆಗೆ ಬರಲೇಬೇಕಲ್ಲ. ಇದನ್ನು ನಮ್ಮ ಬ್ಯಾಂಡ್ ಟೀಚರೇ ಬರೆದಿದ್ದಾರೆ. ಹೆಸರು, 'ಕೊನೇ ಬಸ್ಸು'."

ಕಡ್ಡಿ ಮಿಸ್ ಕಡ್ಡಿ ಎತ್ತಿದರು. ಮೊದಲು ಒಂದೊಂದಾಗಿ ಬಂದವು: ಅಲೆಯ ಒಂದು ತುಂಡು, ಮರುಭೂಮಿಯ ಒಂದು ತುಂಡು, ಬೆಟ್ಟದ ಗಂಟೆ. ಲೋಕ ಸುತ್ತಿ ದಣಿದವರು ಗಂಟುಮೂಟೆ ಸಮೇತ ಒಂದೇ ನಿಲ್ದಾಣಕ್ಕೆ ಬಂದು ಸೇರುತ್ತಿರುವ ಹಾಗೆ. ಟ್ರಂಪೆಟ್ಟು ಏರಿತು. ಏರುತ್ತ ಏರುತ್ತ ಹೋದ ಆ ರಾಗ ರೈಟಣ್ಣನಿಗೆ ಗೊತ್ತಿದ್ದದ್ದು. ರಿಪೇರಿ ಬಸ್ಸಿನ ಕಿಟಕಿಯ ಹಿಂದಿನಿಂದ ಎಷ್ಟು ಸಲ ಕೇಳಿಲ್ಲ! ಎಲ್ಲ ವಾದ್ಯಗಳೂ ಕೂಡಿಕೊಂಡವು, ಸದ್ದು ತುಂಬಿತು, ರಟ್ಟಿನ ಭೂಮಂಡಲ ನಡುಗಿತು.

ಥಟ್ಟನೆ ಎಲ್ಲ ನಿಂತಿತು.

ಕಡ್ಡಿ ಗಾಳಿಯಲ್ಲಿ ನಿಂತಿತ್ತು. ರೈಟಣ್ಣನ ಕೈಗಳು ಎದ್ದವು, ಬ್ಯಾಗಿನ ಹಿಡಿ ಜಗ್ಗಿತು, ಅತ್ತೆ ಒತ್ತಿ ಹಿಡಿದಳು. ಅವನು ಹಲ್ಲು ಕಚ್ಚಿದ. ಬೆರಳುಗಳನ್ನು ಒಂದರೊಳಗೊಂದು ಹೆಣೆದು ತೊಡೆಗಳ ನಡುವೆ ಒತ್ತಿಕೊಂಡ. ಇನ್ನೇನು, ಅವಳು ಶುರು ಮಾಡುತ್ತಾಳೆ. ಇನ್ನೇನು.

ಅವಳು ಶುರು ಮಾಡಲಿಲ್ಲ.

ನಿಶ್ಶಬ್ದ ಬೆಳೆಯಿತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲೊಬ್ಬರು ಮುಗಿಯಿತೇನೋ ಎಂದು ಕೈ ಎತ್ತಿದ ಸುಳಿವು ಹತ್ತಿ, ರೈಟಣ್ಣ ಗರಕ್ಕನೆ ತಿರುಗಿದ. "ಇನ್ನೂ ಇದೆ ಸಾರ್! ತಟ್ಬೇಡಿ! ಕೈ ಇಳ್ಸಿ!" ಎಂದು ಪಿಸುಗುಟ್ಟಿದ ರೀತಿಗೆ ಆ ಮನುಷ್ಯ ಕೈಗಳನ್ನು ಜೇಬಿನಲ್ಲೇ ಅಡಗಿಸಿಕೊಂಡ. ರೈಟಣ್ಣನ ಎದೆ ಹೆಮ್ಮೆಯಿಂದ ಉಬ್ಬಿತು. ಹೋದ ವರ್ಷ ಕೆಡಿಸಿದ ನಿಶ್ಶಬ್ದಕ್ಕೆ ಈ ವರ್ಷ ತಾನೇ ಕಾವಲುಗಾರ! ಈ ಸಲ ಒಬ್ಬರೂ ತಟ್ಟಲಿಲ್ಲ. ಸೂಜಿ ಬಿದ್ದರೂ ಕೇಳುವಂತಿತ್ತು. ನುಡಿಸು ಮರಿ, ಇದೆಲ್ಲ ನಿನಗೇ, ನುಡಿಸು.

ಕಡ್ಡಿ ಮಿಸ್ ಎತ್ತಿದ ತೋಳನ್ನು ಇಳಿಸಲಿಲ್ಲ. ಅವರು ಕತ್ತನ್ನು ತುಸುವೇ ಹೊರಳಿಸಿ ಸಭೆಯ ಕಡೆಗೆ ಓರೆನೋಟ ಬೀರಿದರು. ಮಣಿ ಡಬ್ಬಿಯ ಹುಡುಗಿ ತನ್ನ ಪಕ್ಕದವನನ್ನು ನೋಡಿದಳು. ಅವನು ಡ್ರಮ್ಮಿನವನನ್ನು ನೋಡಿದ. ಆಮೇಲೆ, ರೈಟಣ್ಣ ಕಣ್ಣು ಕಿರಿದು ಮಾಡಿ ನೋಡಿದರೆ, ಇಡೀ ಬ್ಯಾಂಡು ಮುಂದಿನ ಸಾಲಿನ ದಾರಿ ಪಕ್ಕದ ಕುರ್ಚಿಯನ್ನೇ ನೋಡುತ್ತಿತ್ತು.

"ನಿಮ್ಮನ್ನೇ ನೋಡ್ತಿದಾರೆ," ಎಂದಳು ಅತ್ತೆ, ತುಟಿ ಅಲುಗಿಸದೆ. "ಏನ್ ಮಾಡಿದ್ರಿ?"

"ಏನೂ ಮಾಡಿಲ್ಲ!"

ಮಗಳು ಟ್ರಂಪೆಟ್ಟನ್ನು ತುಟಿಯಿಂದ ಒಂದಿಷ್ಟು ಕೆಳಗಿಳಿಸಿದಳು. ತಲೆಯನ್ನು ಬಲಗಡೆಗೆ ವಾಲಿಸಿ, ಹುಬ್ಬು ಕೊಂಚ ಏರಿಸಿ ಅವನನ್ನು ನೋಡಿದಳು.

ಆ ನೋಟವನ್ನು ರೈಟಣ್ಣ ತನ್ನ ಜೀವಮಾನದಲ್ಲಿ ಅದೆಷ್ಟು ಸಲ ಕಂಡಿದ್ದನೋ. ಬೆಳಿಗ್ಗೆ ಎಂಜಿನ್ನು ಚಾಲೂ ಮಾಡಿ, ಬಾಗಿಲು ಮುಚ್ಚಿ, ಕಾಲು ಕ್ಲಚ್ಚಿನ ಮೇಲಿಟ್ಟು, ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡುವ ಡ್ರೈವರುಗಳ ನೋಟ ಅದು. ಅದರಲ್ಲಿ ಸಿಟ್ಟಿಲ್ಲ, ಕೋರಿಕೆಯಿಲ್ಲ, ಅನುಮಾನವಂತೂ ಇಲ್ಲವೇ ಇಲ್ಲ. ನೀನು ಅಲ್ಲಿದ್ದೀಯ ಎಂದು ಗೊತ್ತು, ಹೇಳು, ಹೊರಡುತ್ತೇನೆ.

ಅವನಿಗೆ ಎಲ್ಲ ತಿಳಿದುಹೋಯಿತು. ರಿಪೇರಿ ಬಸ್ಸಿನೊಳಗೆ ನಡುವೆ ನಿಂತುಬಿಡುತ್ತಿದ್ದ ರಾಗ, ದಾರಿ ಪಕ್ಕದ ಕುರ್ಚಿ, ಕೈಗಳ ಬಗ್ಗೆ ಆಡದೆ ಬಿಟ್ಟ ಮಾತು. ಅದನ್ನೆಲ್ಲ ಯೋಚಿಸುತ್ತ ಕೂರಲು ಪುರುಸೊತ್ತಿರಲಿಲ್ಲ, ಬಸ್ಸು ಕಾಯುತ್ತಿತ್ತು.

"ಬಿಡಿ ಅತ್ತೆ!"

"ಸುಮ್ನಿರಿ, ಮಾನ ಕಳೀಬೇಡಿ!"

"ನನಗೇ ಕಾಯ್ತಿದಾಳೆ, ಬಿಡಿ!"

ಮಣಿಕಟ್ಟು ತಿರುವಿ ಎಳೆದ. ಎರಡು ಸುತ್ತು ಬಿಚ್ಚುವ ಬದಲು ನಾಲ್ಕಾದವು. ಹೆಂಡತಿಗೆ ಏನು ಅರ್ಥವಾಯಿತೋ, ಅಡ್ಡ ಬಗ್ಗಿ, ಹಲ್ಲು ಕೀಳುವವರ ಸಹಾಯಕಿಗೆ ಮಾತ್ರ ಬರುವ ಒಂದು ಪಟ್ಟಿನಿಂದ ಬ್ಯಾಗನ್ನು ಹಿಡಿದು ಜಗ್ಗಿದಳು. ಬ್ಯಾಗು ಕಿತ್ತು ಬಂತು. ಬಂದ ರಭಸಕ್ಕೆ ಬಾಯಿ ತೆರೆಯಿತು. ಸ್ಪ್ಯಾನರು ನೆಲಕ್ಕೆ ಬಿದ್ದು ಠಣ್ಣೆಂದಿತು. ಮಾತ್ರೆಗಳು ಆ ಅಮೋಘ ನಿಶ್ಶಬ್ದದಲ್ಲಿ ಒಂದೊಂದಾಗಿ, ಪೂರ್ತಿ ಕೇಳಿಸುವಂತೆ, ವೇದಿಕೆಯವರೆಗೂ ಉರುಳಿಹೋದವು.

ರೈಟಣ್ಣ ಎದ್ದು ನಿಂತ. ಕೈ ಎತ್ತಿದ.

ಫಟ್. ಫಟ್.

ಟ್ರಂಪೆಟ್ಟು ಹೊರಟಿತು.

ಅದು ಹೊರಟ ಬಗೆಯನ್ನು ಅವನು ಆಮೇಲೆ ಡಿಪೋದಲ್ಲಿ ಎಷ್ಟು ಸಲ ಹೇಳಲು ಹೋದರೂ ಸರಿಯಾಗಿ ಹೇಳಲಾಗಲಿಲ್ಲ. "ಮೊದಲ್ನೇ ಗೇರಲ್ಲಿ ಎತ್ತಿದ್ಲು ನೋಡಿ, ಒಂಚೂರೂ ಜರ್ಕ್ ಇಲ್ಲ," ಎನ್ನುವಷ್ಟರಲ್ಲೇ ಅವನ ಮಾತು ಮುಗಿಯುತ್ತಿತ್ತು. ಮೊದಲು ಒಂಟಿಯಾಗಿ, ಮುಚ್ಚಿದ ಅಂಗಡಿಗಳ ಬೀದಿಯಲ್ಲಿ ಬಸ್ಸಿನ ದೀಪ ಹಾಯ್ದಂತೆ, ರಾಗ ಮೆಲ್ಲಗೆ ಸಾಗಿತು. ಆಮೇಲೆ ಡ್ರಮ್ಮು ಎಂಜಿನ್ನಿನಂತೆ ಅದರಡಿಗೆ ಬಂದು ಕೂತಿತು. ದೊಡ್ಡ ಕಹಳೆಗಳು ಏರಿಕೊಂಡವು. ಮರುಭೂಮಿಯಲ್ಲಿ ಕಳೆದುಹೋಗಿದ್ದ ಕ್ಲಾರಿನೆಟ್ಟುಗಳೂ ಓಡಿ ಬಂದು ಹತ್ತಿಕೊಂಡವು. ಒಬ್ಬರನ್ನೂ ಬಿಡದೆ ಎಲ್ಲರನ್ನೂ ತುಂಬಿಕೊಂಡು ಆ ಬಸ್ಸು ಮನೆಯ ಕಡೆಗೆ ಹೋಯಿತು.

ಅವನು ನಿಂತೇ ಇದ್ದ. ಕೂರಲು ಯಾರೂ ಹೇಳಲಿಲ್ಲ. ತಟ್ಟಿದವನ ಪಾಲಿಗೆ ಬಸ್ಸೆಂದರೆ ದೂರವಾಗುವ ಬೆನ್ನು. ಹೊರಟವರಾರೂ ತಿರುಗಿ ನೋಡುವುದಿಲ್ಲ, ನೋಡಲೂಬಾರದು. ಧನ್ಯವಾದ ಹೇಳಲು ಹಿಂತಿರುಗಿದ ಡ್ರೈವರು ಎದುರಿಗಿದ್ದ ಕಂಬಕ್ಕೆ ಹೊಡೆಯುತ್ತಾನೆ. ಅದರಲ್ಲಿ ಅವನಿಗೆ ಎಂದೂ ಬೇಸರವಿರಲಿಲ್ಲ. ಆದರೆ ಇವತ್ತು ಬಸ್ಸು ಹೋಗುತ್ತಿರುವುದು ದೂರಕ್ಕಲ್ಲ, ತನ್ನ ಕಡೆಗೇ ಬರುತ್ತಿದೆ ಎನಿಸಿ, ಮೊದಲ ಬಾರಿಗೆ ತಾನೂ ಅದರೊಳಗೊಂದು ಸೀಟಿನಲ್ಲಿ ಕೂತಿರುವಂತೆನಿಸಿ, ಕಣ್ಣು ಮಂಜಾಯಿತು. ಕಿಟಕಿ ಪಕ್ಕದ ಸೀಟೇ ಇರಬೇಕು.

ಮುಗಿದಾಗ ನಿಜಕ್ಕೂ ಮುಗಿದಿತ್ತು. ಇಡೀ ಹಾಲು ಎದ್ದು ಚಪ್ಪಾಳೆ ತಟ್ಟಿತು. ಕೈ ಜೇಬಿನಲ್ಲಿಟ್ಟಿದ್ದ ಹಿಂದಿನ ಸಾಲಿನವರು ಮೊದಲು ರೈಟಣ್ಣನ ಮುಖ ನೋಡಿ, ಅಪ್ಪಣೆ ಸಿಕ್ಕಿತೆಂದು ಖಾತ್ರಿ ಮಾಡಿಕೊಂಡು ತಟ್ಟಿದರು. ತಟ್ಟದೆ ನಿಂತವನು ರೈಟಣ್ಣನೊಬ್ಬನೇ. ಕೈಗಳನ್ನು ಬಳಸುವುದು ಹೇಗೆಂದು ಅವನಿಗೆ ಮರೆತೇಹೋಗಿತ್ತು.

ಆಮೇಲೆ ಕುರ್ಚಿ ಮಡಿಸುವ ಗಲಾಟೆಯ ನಡುವೆ ಮಗಳು ವೇದಿಕೆಯಿಂದ ಇಳಿದು ಬಂದಳು. ತುಟಿಯ ಮೇಲೆ ಟ್ರಂಪೆಟ್ಟಿನ ಉಂಗುರದ ಗುರುತು ಕೆಂಪಗೆ ಉಳಿದಿತ್ತು.

"ಏನಪ್ಪಾ ನೀನು! ಇಷ್ಟು ಹೊತ್ತಾ? ನನ್ನ ತುಟಿ ಒಣಗಿಹೋಯ್ತು!"

"ಕೈ ಸಿಕ್ಕಿಹಾಕ್ಕೊಂಡಿತ್ತು ಮರಿ."

"ಎಲ್ಲಿ?"

"ನಿಮ್ಮಜ್ಜಿ ಬ್ಯಾಗಲ್ಲಿ."

"ಹೇಳಿಬಿಡೋಣ ಅಂತ ಮಿಸ್ ಎಷ್ಟು ಸಲ ಅಂದ್ರು ಗೊತ್ತಾ? ಹೇಳಿದ್ರೆ ಇಡೀ ಡಿಪೋನ ಕರ್ಕೊಂಡು ಬರ್ತಾರೆ, ಬೇಡ ಅಂದೆ. ನಮ್ಮಪ್ಪ ತಟ್ಟೇ ತಟ್ತಾರೆ, ಬೇಕಾದ್ರೆ ಬೆಟ್ ಕಟ್ಟಿ ಅಂದಿದ್ದೆ."

"ಮತ್ತೆ ತಟ್ಟದೇ ಇದ್ದಿದ್ರೆ ಏನ್ ಮಾಡ್ತಿದ್ದೆ?"

ಅವಳು ಆ ಪ್ರಶ್ನೆಯನ್ನು ಒಂದು ಕ್ಷಣ ಯೋಚಿಸಿದಳು. ಅದನ್ನು ಹಿಂದೆ ಎಂದೂ ಯೋಚಿಸಿಯೇ ಇರಲಿಲ್ಲವೆಂಬುದು ಮುಖದ ಮೇಲೆ ಕಾಣುತ್ತಿತ್ತು. "ಕಾಯ್ತಿದ್ದೆ," ಎಂದಳು.

ಅಷ್ಟರಲ್ಲಿ ಕಡ್ಡಿ ಮಿಸ್ ಬಂದರು. ಓದಲು ಅಕ್ಕಪಕ್ಕದಲ್ಲಿ ಯಾವ ಫಲಕವೂ ಇರಲಿಲ್ಲ; ರೈಟಣ್ಣ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರು ಅಂಗೈ ಚಾಚಿ, ಹೆಕ್ಕಿ ತಂದಿದ್ದ ಮಾತ್ರೆಗಳನ್ನು ಅತ್ತೆಗೆ ಒಪ್ಪಿಸಿದರು.

"ಹೋದ ವರ್ಷ ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ," ಎಂದರು. "ಮಾರನೇ ದಿನಾನೇ ಇವಳು ಬಂದು ನನ್ನ ಜೊತೆ ಜಗಳ ಆಡಿದ್ಲು. 'ನಮ್ಮಪ್ಪ ತಟ್ಟಿದ್ದು ಮುಗೀತು ಅಂತಲ್ಲ ಮಿಸ್, ನಾನು ಹೊರಡ್ಲಿ ಅಂತ ಎರಡು ತಟ್ಟಿದ್ದು. ಬೇರೆಯವ್ರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಅಪ್ಪ ಏನು ಮಾಡ್ತಾರೆ?' ಅಂದ್ಲು. ಅವತ್ತಿಂದ ಆ ಎರಡು ತಟ್ಟು ನನ್ನ ತಲೆಯಿಂದ ಹೋಗ್ಲೇ ಇಲ್ಲ. ಅದರ ಸುತ್ತಾನೇ ಇದನ್ನ ಬರೆದೆ. ನಾನು ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

ರೈಟಣ್ಣ ಮಗಳ ಕಡೆ ನೋಡಿದ. ಅವಳು ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿ ಮಲಗಿಸುವುದರಲ್ಲಿ ಬಹಳ ತೊಡಗಿದ್ದಳು. ಇಡೀ ವರ್ಷ ಚಪ್ಪಲಿಯೊಳಗಿದ್ದ ಆ 'ಪರವಾಗಿಲ್ಲ'ವನ್ನು ಅವನು ಈಗ ತೆಗೆದು ನೋಡಿದ. ಅದು ಕಲ್ಲಾಗಿರಲಿಲ್ಲ. ಅವಳು ಹೇಳಿದ್ದು ಅಷ್ಟೇ ಅರ್ಥದ ಮಾತು; ಪರವಾಗಿಲ್ಲ ಎಂದರೆ ನಿಜಕ್ಕೂ ಪರವಾಗಿಲ್ಲ ಎಂದೇ.

ಅವನು ಏನಾದರೂ ಹೇಳಬೇಕಿತ್ತು. ಕಡ್ಡಿ ಮಿಸ್ ಕಾದರು. ಹೆಂಡತಿಯೂ, ಉತ್ತರಕ್ಕೆ ಕಾಯುವ ಅಭ್ಯಾಸವಿಲ್ಲದವಳು, ಕಾದಳು. ಎಲ್ಲರೂ ನಿಂತಿದ್ದರು, ಸದ್ದಡಗಿತ್ತು, ಮತ್ತು ಅಭ್ಯಾಸದಂತೆ ರೈಟಣ್ಣನ ಕೈಗಳು ಎದ್ದವು. ಎರಡೂ ಅಂಗೈಗಳು ಒಂದರ ಬಳಿಗೊಂದು ಬಂದವು. ಬಂದು ಸೇರಿದವು. ಸದ್ದೇ ಬರಲಿಲ್ಲ. ಸೇರಿದವು ಹಾಗೆಯೇ ಎದೆಯೆದುರು ನಿಂತುಬಿಟ್ಟವು.

"ಏನಾಯ್ತು ಅಳಿಯಂದ್ರೇ," ಎಂದಳು ಅತ್ತೆ, ಮಾತ್ರೆಗಳನ್ನು ಊದಿ ಡಬ್ಬಿಗೆ ಹಾಕುತ್ತ. "ಹಾರನ್ ಕೆಟ್ಟುಹೋಯ್ತಾ?"

ಯಾರೂ ನಗಲಿಲ್ಲ, ಯಾರೂ ಕದಲಲಿಲ್ಲ. ಇನ್ನೂ ಎಷ್ಟು ಹೊತ್ತು ಹಾಗೇ ನಿಂತಿರುತ್ತಿದ್ದರೋ. ಹಿಂದಿನಿಂದ ಎರಡು ತಟ್ಟು ಕೇಳಿಸಿದವು; ಸಣ್ಣವು, ಚುರುಕಾದವು, ಇನ್ನೂ ಹಲಗೆಯಾಗದ ಅಂಗೈಗಳವು. ಮಗಳು ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ನಿಂತಿದ್ದಳು.

"ರೈಟ್," ಎಂದಳು. "ನಡೀರಿ, ಹಸಿವಾಗ್ತಿದೆ."

ಎಲ್ಲರೂ ಹೊರಟರು.